ಗೋಡೆಯಿಲ್ಲದ ಹೆಡ್‌ಫೋನ್

ಹೆಡ್‌ಫೋನಿನೊಳಗೆ ನಡುಗುವ ತೆಳುಪೊರೆಗೆ ಎರಡು ಮುಖ. ಒಂದು ನಮ್ಮ ಕಿವಿಯತ್ತ, ಇನ್ನೊಂದು ಹೊರಗಿನತ್ತ. ಕಿವಿಯ ಕಡೆಗೆ ಅದು ಎಷ್ಟು ಸದ್ದು ಮಾಡುತ್ತದೋ ಬೆನ್ನಿನ ಕಡೆಗೂ ಅಷ್ಟೇ ಮಾಡುತ್ತದೆ. ಪೊರೆ ಮುಂದಕ್ಕೆ ಚಾಚಿದಾಗ ಕಿವಿಯ ಬಳಿ ಗಾಳಿ ಒತ್ತಾಗುತ್ತದೆ, ಬೆನ್ನ ಹಿಂದೆ ವಿರಳವಾಗುತ್ತದೆ. ಮರುಕ್ಷಣ ಇದು ಅದಲುಬದಲು. ಕೇಳಲು ಯಾರೂ ಇಲ್ಲದ ಈ ಬೆನ್ನಿನ ಸದ್ದನ್ನು ಏನು ಮಾಡುವುದು? ಹೆಡ್‌ಫೋನುಗಳು ಎರಡು ಕುಲಗಳಾಗಿ ಒಡೆದದ್ದು ಈ ಪ್ರಶ್ನೆಯಲ್ಲಿ.

ಹಳೆಯ ಉತ್ತರ ಸರಳ: ಹಿಂದೆ ಒಂದು ಬಟ್ಟಲು ಕೂರಿಸಿ ಮುಚ್ಚಿಬಿಡುವುದು. ಆದರೆ ಮುಚ್ಚಿದ ಮಾತ್ರಕ್ಕೆ ಸದ್ದು ಸಾಯುವುದಿಲ್ಲ. ಬಟ್ಟಲಿನ ಆಳ 4 ಸೆಂಟಿಮೀಟರ್ ಎಂದುಕೊಳ್ಳಿ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಹಿಂದಿನ ಗೋಡೆಗೂ ಪೊರೆಗೂ ನಡುವೆ ಸದ್ದಿನ ಅಲೆ ಸಿಕ್ಕಿಕೊಂಡು ಅನುರಣಿಸುವ ಮೊದಲ ಕಂಪನಾಂಕ ಸುಮಾರು 4300 ಹರ್ಟ್ಸ್ ಆಗುತ್ತದೆ. ನಮ್ಮ ಕಿವಿ ತೀರಾ ಚುರುಕಾಗಿರುವ ವಲಯವೇ ಅದು. ಪೊರೆಯೋ ಕಾಗದಕ್ಕಿಂತ ತೆಳು. ಗೋಡೆಗೆ ಬಡಿದು ಮರಳಿದ ಸದ್ದು ಅದನ್ನು ತೂರಿಕೊಂಡು ತುಸು ತಡವಾಗಿ ಕಿವಿಗೇ ಬರುತ್ತದೆ. ತಯಾರಕರು ಬಟ್ಟಲಿನೊಳಗೆ ಹತ್ತಿ, ಉಣ್ಣೆ, ಫೋಮ್ ತುಂಬಿ ಅದನ್ನು ಹೀರಿಸಲು ಹೆಣಗುತ್ತಾರೆ. ಒಳ್ಳೆಯ ತಯಾರಕರು ಬಹುಮಟ್ಟಿಗೆ ಗೆಲ್ಲುತ್ತಾರೆ. ಅಗ್ಗದ ಮಾಲಿನಲ್ಲಿ ಹಾಡುಗಾರ ಬಕೆಟ್ಟಿನೊಳಗೆ ಕೂತು ಹಾಡಿದಂತೆ ಕೇಳಿಸುವುದು ಈ ಸೋಲಿನಿಂದ.

ಇನ್ನೊಂದು ಉತ್ತರಕ್ಕೆ ಧೈರ್ಯ ಬೇಕಿತ್ತು: ಗೋಡೆಯನ್ನೇ ಕಿತ್ತುಹಾಕುವುದು. ಹಿಂಬದಿಗೆ ಬರೀ ಜಾಲರಿ. ಬೆನ್ನಿನ ಸದ್ದು ಹೊರಗೆ ಹೋಗಿ ಕೋಣೆಯಲ್ಲಿ ಕರಗುತ್ತದೆ, ಮರಳಿ ಬರುವುದಿಲ್ಲ. ಓಪನ್-ಬ್ಯಾಕ್ ಎಂದು ಅಂಗಡಿಗಳಲ್ಲಿ ಕರೆಯುವುದು ಇದನ್ನೇ. ಆ ಧೈರ್ಯ ಬರಲು ದಶಕಗಳೇ ಹಿಡಿದವು. ನಾಥಾನಿಯಲ್ ಬಾಲ್ಡ್‌ವಿನ್ ಎಂಬಾತ ಅಮೆರಿಕದ ಯೂಟಾದಲ್ಲಿ ತನ್ನ ಅಡುಗೆಮನೆಯಲ್ಲಿ ಹೆಡ್‌ಫೋನ್ ಜೋಡಿಸಿ ನೌಕಾಪಡೆಗೆ ಕಳಿಸಿದ್ದು 1910ರಲ್ಲಿ. ಬರ್ಲಿನ್ನಿನ ಬಾಯರ್ ಕಂಪನಿ ಇಂದಿನ ಬಗೆಯ ಸುರುಳಿ-ಅಯಸ್ಕಾಂತದ ಡಿಟಿ 48 ಅನ್ನು ತಂದದ್ದು 1937ರಲ್ಲಿ. ಮಿಲ್ವಾಕೀಯ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನನ್ನು ಸಂಗೀತಪ್ರಿಯರ ಮನೆಗೆ ಕೊಂಡೊಯ್ದದ್ದು 1958ರಲ್ಲಿ. ಅಲ್ಲಿಯವರೆಗೂ ಕಿವಿಯನ್ನು ಭದ್ರವಾಗಿ ಮುಚ್ಚದೆ ಒಳ್ಳೆಯ ಸದ್ದು ಬಾರದೆಂಬ ನಂಬಿಕೆಯೇ ನಡೆದುಬಂದಿತ್ತು. 1968ರಲ್ಲಿ ಜರ್ಮನಿಯ ಹ್ಯಾನೋವರ್ ಬಳಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಹಗುರ ಮಾಡೆಲನ್ನು ಹೊರತಂದಿತು. ಕಿವಿಯ ಮೇಲೆ ಹಳದಿ ಸ್ಪಂಜಿನ ಮೆತ್ತೆ, ಹಿಂದೆ ತೂತುತೂತಾದ ಪ್ಲಾಸ್ಟಿಕ್. ಆಟಿಕೆಯಂತಿದ್ದ ಅದು ಒಂದು ಕೋಟಿಗಿಂತ ಹೆಚ್ಚು ಮಾರಾಟವಾಯಿತು. ಓಪನ್ ಕುಲದ ಮೂಲಪುರುಷ ಅದೇ.

ಗೋಡೆ ಕಿತ್ತಾಗ ಪ್ರತಿಧ್ವನಿಯ ಜೊತೆಗೆ ಸೆಕೆಯೂ ಹೊರಗೆ ಹೋಗುತ್ತದೆ. ದುರದೃಷ್ಟಕ್ಕೆ, ತೀರಾ ತಗ್ಗಿನ ಮಂದ್ರವೂ ಸ್ವಲ್ಪ ಹೊರಗೆ ಹೋಗುತ್ತದೆ. ಏಕೆಂದು ತಿಳಿದರೆ ಕೊಳ್ಳುವಾಗಿನ ಅರ್ಧ ಗೊಂದಲ ಮುಗಿದಂತೆ.

ಸ್ಪೀಕರ್ ಇಡೀ ಕೋಣೆಯ ಗಾಳಿಯನ್ನು ಅಲುಗಿಸಬೇಕು. ಹೆಡ್‌ಫೋನಿಗೆ ಆ ಕಷ್ಟವಿಲ್ಲ. ಪೊರೆಗೂ ಕಿವಿಯ ತಮಟೆಗೂ ನಡುವಿನ ಒಂದು ಹಿಡಿ ಗಾಳಿಯನ್ನು ಹಿಂಡಿದರೆ ಸಾಕು. ಆ ಹಿಡಿ ಗಾಳಿ ತಪ್ಪಿಸಿಕೊಳ್ಳದಂತೆ ಮೆತ್ತೆ ಸುತ್ತಲೂ ಒತ್ತಿ ಹಿಡಿದಿರಬೇಕು, ಅಷ್ಟೆ. ಎಲ್ಲೋ ಒಂದು ಸಂದು ಇದೆ ಎನ್ನಿ. 4000 ಹರ್ಟ್ಸ್‌ನ ಸ್ವರದಲ್ಲಿ ಪೊರೆ ಒಂದು ದಿಕ್ಕಿಗೆ ಚಲಿಸುವುದು ಸೆಕೆಂಡಿನ 8000ನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಗಾಳಿಗೆ ಆ ಸಂದನ್ನು ಹುಡುಕಿ ಹೊರಡಲು ಪುರುಸೊತ್ತಿಲ್ಲ. 40 ಹರ್ಟ್ಸ್‌ನಲ್ಲಾದರೆ ಅದಕ್ಕಿಂತ ನೂರು ಪಟ್ಟು ಹೆಚ್ಚು ಹೊತ್ತು. ಗಾಳಿ ಆರಾಮವಾಗಿ ಹೊರಗೆ ನುಸುಳುತ್ತದೆ, ಒತ್ತಡ ಇಳಿಯುತ್ತದೆ, ಮಂದ್ರ ಸೊರಗುತ್ತದೆ. ಓಪನ್ ಹೆಡ್‌ಫೋನಿನಲ್ಲಿ ಬಟ್ಟೆಯ ಮೆತ್ತೆಯೇ ಉಸಿರಾಡುತ್ತದೆ. ಜೊತೆಗೆ ಬೆನ್ನಿನ ಕಡೆಯ ತಿರುಗುಮುರುಗಾದ ಅಲೆ ಸುತ್ತಿ ಬಳಸಿ ಬಂದು ಮುಂದಿನದ್ದನ್ನು ಅಳಿಸಲು ನೋಡುತ್ತದೆ. ಹಾಗಾಗಿ ಸಾಮಾನ್ಯ ಸುರುಳಿ-ಅಯಸ್ಕಾಂತದ ಓಪನ್ ಹೆಡ್‌ಫೋನುಗಳಲ್ಲಿ ಸುಮಾರು 100 ಹರ್ಟ್ಸ್‌ನಿಂದ ಕೆಳಗೆ ಸದ್ದು ಮೆಲ್ಲಗೆ ಇಳಿಜಾರು ಹಿಡಿಯುತ್ತದೆ.

ಜಾಹೀರಾತುಗಳು ಮರೆಮಾಚುವ ಮಾತೊಂದು ಇಲ್ಲಿದೆ. ಸದ್ದಿನ ಗುಣ ಒಂದು ಕಡೆ, ತೊಟ್ಟವರ ಸುಖ ಇನ್ನೊಂದು ಕಡೆ ಎಂದು ಅವು ಎರಡು ಪಟ್ಟಿ ಕೊಡುತ್ತವೆ. ನಿಜದಲ್ಲಿ ಎರಡೂ ಒಂದೇ ಜಾಗದಲ್ಲಿ ತೀರ್ಮಾನವಾಗುತ್ತವೆ: ಮೆತ್ತೆ ತಲೆಯನ್ನು ಮುಟ್ಟುವ ಆ ಉಂಗುರದಲ್ಲಿ. ಅದು ಎಷ್ಟು ಬಿಗಿ, ಎಷ್ಟು ಅಗಲ, ಯಾವ ಬಟ್ಟೆ, ನಿಮ್ಮ ಕೆನ್ನೆಮೂಳೆಯ ಇಳಿಜಾರಿಗೆ ಎಷ್ಟು ಒಗ್ಗಿದೆ ಎಂಬುದೇ ನಿಮಗೆ ಎಷ್ಟು ಮಂದ್ರ ಕೇಳುತ್ತದೆ, ಎಷ್ಟು ಹೊತ್ತಿಗೆ ತಲೆ ಸಿಡಿಯುತ್ತದೆ ಎಂಬೆರಡನ್ನೂ ನಿರ್ಧರಿಸುತ್ತದೆ. ಪಕ್ಕದ ಮನೆಯವರಿಗೆ ಸೊಗಸಾಗಿ ಕೇಳಿದ್ದು ನಿಮಗೆ ಸಪ್ಪೆಯಾದರೆ ಅವರ ಅಭಿರುಚಿಯನ್ನು ಅನುಮಾನಿಸುವ ಮುನ್ನ ಅವರ ತಲೆಯ ಆಕಾರವನ್ನು ನೋಡಿ.

ಸುಖವನ್ನೂ ಅಳೆಯಬಹುದು. ಸೆನ್‌ಹೈಸರ್‌ನ ಎಚ್‌ಡಿ 600 ಎಂಬ ಮಾಡೆಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1997ರಲ್ಲಿ ಬಂದ ಇದು ಇನ್ನೂ ಮಾರಾಟದಲ್ಲಿದೆ. ಈ ಕ್ಷೇತ್ರದಲ್ಲಿ ಅಳತೆಗೋಲಿನಂತೆ ಬಳಕೆಯಾಗುತ್ತದೆ. ತೂಕ 260 ಗ್ರಾಂ. ತಲೆಯನ್ನು ಎರಡೂ ಕಡೆ ಅಮುಕುವ ಬಲ ಸುಮಾರು 2.5 ನ್ಯೂಟನ್, ಅಂದರೆ ಕಾಲು ಕಿಲೋ ತೂಕ ಒತ್ತಿದಷ್ಟು. ಮೆತ್ತೆ ಚರ್ಮವನ್ನು ಮುಟ್ಟುವ ಜಾಗ 40 ಚದರ ಸೆಂಟಿಮೀಟರ್ ಎಂದು ಅಂದಾಜಿಸಿದರೆ ಒತ್ತಡ ಪಾದರಸದ ಲೆಕ್ಕದಲ್ಲಿ 5 ಮಿಲಿಮೀಟರಿಗೂ ಕಡಿಮೆ. ಚರ್ಮದ ಲೋಮನಾಳಗಳಲ್ಲಿ ರಕ್ತ ಹರಿಯುವ ಒತ್ತಡ ಸುಮಾರು 32 ಮಿಲಿಮೀಟರ್. ಒತ್ತಡ ಅದಕ್ಕಿಂತ ಬಹಳ ಕಡಿಮೆ ಇರುವಷ್ಟು ಹೊತ್ತು ಚರ್ಮಕ್ಕೆ ತಕರಾರಿಲ್ಲ.

ಈಗ ಕನ್ನಡಕ ಹಾಕಿಕೊಳ್ಳಿ. ಅದರ ಕಡ್ಡಿ ಮೆತ್ತೆಯಡಿ ಸಿಕ್ಕಿಕೊಳ್ಳುತ್ತದೆ. ಒಟ್ಟು ಬಿಗಿತದ ಐದನೇ ಒಂದು ಪಾಲನ್ನು ಆ ಕಡ್ಡಿಯೇ ಹೊತ್ತು, ಕಿವಿಯ ಮೇಲ್ಗಡೆ ಅರ್ಧ ಚದರ ಸೆಂಟಿಮೀಟರಿನಷ್ಟು ಜಾಗಕ್ಕೆ ದಾಟಿಸಿದರೆ ಅಲ್ಲಿನ ಒತ್ತಡ 75 ಮಿಲಿಮೀಟರಿಗೆ ಏರುತ್ತದೆ. ಮೊದಲ ಹತ್ತು ನಿಮಿಷ ಏನೂ ಗೊತ್ತಾಗುವುದಿಲ್ಲ. ಮುಕ್ಕಾಲು ಗಂಟೆಯ ಹೊತ್ತಿಗೆ ಆ ಚುಕ್ಕೆಯಲ್ಲಿ ರಕ್ತ ಸರಿಯಾಗಿ ಓಡದೆ ನೋವು ಶುರು. ಓಲೆಯ ಹಿಂದಿನ ತಿರುಪಿನದೂ ಇದೇ ಕಥೆ: ಬಟ್ಟಲು ಚಿಕ್ಕದಿದ್ದರೆ ಮೆತ್ತೆ ಸೀದಾ ಅದರ ಮೇಲೆ ಕೂತು ತಿರುಪನ್ನು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತದೆ. ಯುರೋಪಿನ ಕಂಪನಿಗಳ ವಿನ್ಯಾಸಕಾರರು ನಮ್ಮ ಬೆಂಡೋಲೆಯನ್ನು ನೆನೆದು ಮೆತ್ತೆ ಹೊಲಿದಂತೆ ಕಾಣುವುದಿಲ್ಲ. ಕನ್ನಡಕದ ಕಡ್ಡಿ ಸಂದನ್ನೂ ಮಾಡುತ್ತದಲ್ಲ, ಸದ್ದಿಗೆ ಏನಾಗುತ್ತದೆ? ಮುಚ್ಚಿದ ಹೆಡ್‌ಫೋನಿನಲ್ಲಿ ಮಂದ್ರ ಎದ್ದು ತಿಳಿಯುವಷ್ಟು ಬೀಳುತ್ತದೆ. ಓಪನ್‌ನಲ್ಲಿ ಮೊದಲೇ ಸೋರಿಕೆ ಇರುವುದರಿಂದ ಇನ್ನೊಂದು ಸಂದಿನಿಂದ ಆಗುವ ನಷ್ಟ ಸಾಮಾನ್ಯವಾಗಿ ಕಡಿಮೆ. ಕನ್ನಡಕಧಾರಿಗಳಿಗೆ ನಾನು ಓಪನ್ ಕುಲವನ್ನು ಶಿಫಾರಸು ಮಾಡಲು ಇದೊಂದೇ ಕಾರಣ ಸಾಕು.

ತಲೆಯ ನೆತ್ತಿಯ ವಿಚಾರದಲ್ಲೂ ಇದೇ ಗಣಿತ. ಚಪ್ಪಟೆ ಪೊರೆಯ ಒಂದು ಅಥವಾ ಎರಡೂ ಬದಿಗೆ ಅಯಸ್ಕಾಂತದ ಪಟ್ಟಿಗಳನ್ನು ಜೋಡಿಸುವ ಪ್ಲೇನಾರ್ ಹೆಡ್‌ಫೋನುಗಳು ಮಂದ್ರದಲ್ಲಿ ಸುರುಳಿಯವಕ್ಕಿಂತ ಆಳಕ್ಕೆ ಇಳಿಯುತ್ತವೆ. ಅಯಸ್ಕಾಂತಕ್ಕೆ ತೂಕವಿದೆ ತಾನೇ? ಅವುಗಳಲ್ಲಿ ಕೆಲವು ಅರ್ಧ ಕಿಲೋ ದಾಟುತ್ತವೆ. ಆ ಭಾರ ನೆತ್ತಿಯ ಒಂದು ಕಿರಿದಾದ ಗೆರೆಯ ಮೇಲೆ ಬಿದ್ದರೆ ಸಂಗೀತ ಎಷ್ಟೇ ಚೆನ್ನಾಗಿದ್ದರೂ ನೆತ್ತಿ ಸೋಲುತ್ತದೆ. ಅದಕ್ಕೇ ಲೋಹದ ಬಿಲ್ಲಿನ ಕೆಳಗೆ ಅಗಲವಾದ ಚರ್ಮದ ಪಟ್ಟಿಯನ್ನು ಜೋಲಿಯಂತೆ ಕಟ್ಟುವ ವಿನ್ಯಾಸ ಬಂತು. ಪಟ್ಟಿ ತಲೆಯ ದುಂಡಿಗೆ ತಾನೇ ಹೊಂದಿಕೊಂಡು ಭಾರವನ್ನು ಹಂಚುತ್ತದೆ. ಎಕೆಜಿ ಕಂಪನಿಯ ಕೆ 701 ಮತ್ತದರ ತಮ್ಮ ಕೆ 702 ಇಂಥ ಪಟ್ಟಿಯನ್ನೇ ಹೊಂದಿದ್ದರೂ ಅದರ ಒಳಬದಿಯಲ್ಲಿ ಸಾಲಾಗಿ ಉಬ್ಬುಗಳಿದ್ದವು. ಮೃದುವಾಗಲೆಂದು ಮಾಡಿದ ಆ ಉಬ್ಬುಗಳೇ ಅನೇಕರ ನೆತ್ತಿಗೆ ಚುಚ್ಚಿದವು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಶಾಲೆಯಲ್ಲಿ ಕಲಿತದ್ದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು.

ಬಟ್ಟಲಿನ ಒಳ ಅಳತೆಯೂ ನೋಡಬೇಕಾದ್ದೇ. ವಯಸ್ಕರ ಕಿವಿಹಾಲೆ ಆರು ಸೆಂಟಿಮೀಟರಿಗಿಂತ ಉದ್ದ, ತಲೆಯಿಂದ ಎರಡು ಸೆಂಟಿಮೀಟರಿನಷ್ಟು ಹೊರಗೆ ಚಾಚಿರುತ್ತದೆ. ಮೆತ್ತೆಯ ಆಳ ಅದಕ್ಕಿಂತ ಕಡಿಮೆಯಿದ್ದರೆ ಹಾಲೆಯ ತುದಿ ಒಳಗಿನ ಬಟ್ಟೆಗೆ ತಾಗುತ್ತಲೇ ಇರುತ್ತದೆ. ಸಣ್ಣ ಕಿರಿಕಿರಿ, ಆದರೆ ಬಿಡದ ಕಿರಿಕಿರಿ. ಕಿವಿ ವಯಸ್ಸಿನೊಂದಿಗೆ ಉದ್ದವಾಗುತ್ತದೆ ಎಂಬುದು ಅಜ್ಜಿಕಥೆಯಲ್ಲ. ಇಂಗ್ಲೆಂಡಿನ ವೈದ್ಯ ಜೇಮ್ಸ್ ಹೀತ್‌ಕೋಟ್ ಇನ್ನೂರಾರು ಮಂದಿಯ ಕಿವಿಗಳನ್ನು ಅಳೆದು ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಬೆಳವಣಿಗೆಯ ಲೆಕ್ಕ ಕೊಟ್ಟದ್ದು 1995ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿದೆ. ನಿವೃತ್ತಿಯ ನಂತರ ಸಂಗೀತ ಕೇಳಲು ಕೊಳ್ಳುವವರು ದೊಡ್ಡ ಬಟ್ಟಲಿನದನ್ನೇ ಆರಿಸುವುದು ಲೇಸು.

ಇನ್ನು ಬಿಸಿ. ರೆಕ್ಸಿನ್ ಮೆತ್ತೆಯ ಮುಚ್ಚಿದ ಬಟ್ಟಲಿನಲ್ಲಿ ಬೆವರು ಆರುವುದಿಲ್ಲ, ಒಳಗಿನ ಗಾಳಿ ತೇವದಿಂದ ತುಂಬಿ ನಿಲ್ಲುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಅದು ಹಿತವೂ ಆದೀತು. ಮಂಗಳೂರಿನ ಏಪ್ರಿಲಿನಲ್ಲಿ, ಕಲಬುರಗಿಯ ಮೇ ತಿಂಗಳಲ್ಲಿ ಇಪ್ಪತ್ತು ನಿಮಿಷ ದೂಡುವುದು ಕಷ್ಟ. ಮಖಮಲ್ಲಿನ ಮೆತ್ತೆ, ತೆರೆದ ಜಾಲರಿ ಇದ್ದರೆ ಕಿವಿಗೆ ಗಾಳಿಯಾಡುತ್ತದೆ.

ಈಗ ಕಿವಿಯೊಳಕ್ಕೆ ಹೋಗೋಣ. ಒಳ್ಳೆಯ ಹೆಡ್‌ಫೋನ್ ಎಂದರೆ ಎಲ್ಲ ಕಂಪನಾಂಕಗಳನ್ನೂ ಸಮಸಮವಾಗಿ ನುಡಿಸುವುದು ಎಂದು ತೋರುತ್ತದೆ. ಹಾಗೆ ನುಡಿಸಿದರೆ ಸಂಗೀತ ಮಂಕಾಗಿ ಕೇಳುತ್ತದೆ. ನಮ್ಮ ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಇಂಥ ಕೊಳವೆ 3000 ಹರ್ಟ್ಸ್‌ನ ಆಸುಪಾಸು ಅನುರಣಿಸುತ್ತದೆ. ಎದುರಿಗೆ ಕೂತು ಹಾಡುವವರ ದನಿಯನ್ನು ಹಾಲೆ, ತಲೆ, ಭುಜಗಳೂ ತಿದ್ದಿ ಕಳಿಸುತ್ತವೆ. ಹುಟ್ಟಿದಾಗಿನಿಂದ ಮಿದುಳು ಈ ತಿದ್ದುಪಡಿಯನ್ನೇ ಸಹಜವೆಂದು ಬಗೆದಿದೆ. ಹೆಡ್‌ಫೋನ್ ಕಿವಿಯ ಬಾಗಿಲಲ್ಲೇ ಕೂತು ಈ ದಾರಿಯ ಬಹುಭಾಗವನ್ನು ತಪ್ಪಿಸುವುದರಿಂದ, ಕಳೆದುಹೋದ ತಿದ್ದುಪಡಿಯನ್ನು ತಾನೇ ಸೇರಿಸಿಕೊಡಬೇಕು. ಎಷ್ಟು ಸೇರಿಸಬೇಕು? ಹರ್ಮಾನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರಿಂದ ಮುಂದಕ್ಕೆ, ಬ್ರ್ಯಾಂಡು ಕೇಳುಗರಿಗೆ ತಿಳಿಯದಂತೆ ಮಾಡಿ, ಇದನ್ನೇ ಪರೀಕ್ಷಿಸಿದರು. ಹೆಚ್ಚಿನವರು ಮೆಚ್ಚಿದ್ದು ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿಸುವಂತೆ ಕೇಳಿಸುವ ಹೆಡ್‌ಫೋನನ್ನು: ಮಂದ್ರದಲ್ಲಿ ತುಸು ಉಬ್ಬು, 3000 ಹರ್ಟ್ಸ್ ಬಳಿ ಏರು, ಆಮೇಲೆ ಇಳಿಜಾರು.

ಬೆಲೆಗೂ ಇದಕ್ಕೂ ಏನು ಸಂಬಂಧ? 2017ರಲ್ಲಿ ಸಂಶೋಧಕ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯ ಜೊತೆ ಹೋಲಿಸಿ ನೋಡಿ, ಎರಡಕ್ಕೂ ತಾಳಮೇಳವಿಲ್ಲ ಎಂದರು. ಹಣ ಪೂರ್ತಿ ನೀರಿಗೆ ಹೋಗುತ್ತದೆ ಎಂದಲ್ಲ. ಅದು ರಚನೆಯ ಗಟ್ಟಿತನಕ್ಕೆ, ಮೆತ್ತೆಗೆ, ಬಿಡಿಭಾಗಕ್ಕೆ, ಕೆಲವೊಮ್ಮೆ ಹೆಸರಿಗೆ ಹೋಗುತ್ತದೆ.

ಬಗೆಬಗೆಯ ಸಂಗೀತ ಕೇಳುವವರು ಅಂಗಡಿಯಲ್ಲಿ 'ಶಾಸ್ತ್ರೀಯಕ್ಕೆ ಇದು, ರಾಕ್‌ಗೆ ಅದು' ಎಂಬ ಉಪದೇಶ ಕೇಳಬೇಕಾಗುತ್ತದೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ವಾದ್ಯಗಳು ಭೌತವಿಜ್ಞಾನಕ್ಕೆ ಒಳಪಟ್ಟಿವೆ, ಅಂಗಡಿಯ ವಿಂಗಡಣೆಗಲ್ಲ. ಗಂಡುದನಿಯ ಶ್ರುತಿಗೆ ಕೂಡಿಸಿದ ತಂಬೂರಿಯನ್ನೇ ನೋಡಿ. ಆಧಾರ ಷಡ್ಜ 130 ಹರ್ಟ್ಸ್ ಇದ್ದರೆ ಮಂದ್ರ ಷಡ್ಜದ ತಂತಿ 65ಕ್ಕೆ ನಿಲ್ಲುತ್ತದೆ. ಓಪನ್ ಹೆಡ್‌ಫೋನ್ ಸೊರಗುವ ವಲಯ ಅದು. ಆದರೂ ತಂಬೂರಿ ತುಂಬಿಕೊಂಡೇ ಕೇಳುತ್ತದೆ. ತಂತಿಗಳನ್ನು ಹೊರುವ ಕುದುರೆಯ ಬಾಗಿದ ಮೈ, ತಂತಿಯಡಿ ಸಿಕ್ಕಿಸಿದ ಜೀವಾಳಿಯ ಎಳೆ ಇವೆರಡೂ ಸೇರಿ 65ರ ಎರಡು, ಮೂರು, ನಾಲ್ಕು, ಹತ್ತು ಪಟ್ಟಿನ ಉಪಸ್ವರಗಳನ್ನು ಧಾರಾಳವಾಗಿ ಎಬ್ಬಿಸುತ್ತವೆ. ಆ ಉಪಸ್ವರಗಳ ನಡುವಿನ ಸಮ ಅಂತರವನ್ನು ಗುರುತಿಸಿ ಮಿದುಳು ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ತಂಬೂರಿಗೆ ಬೇಕಾದ್ದು ಆಳವಾದ ಮಂದ್ರಕ್ಕಿಂತ ನಿರ್ಮಲವಾದ ಮಧ್ಯಭಾಗ.

ಮೃದಂಗದ ಬಲಮುಖವೂ ಹಾಗೆಯೇ. ಬಿಗಿದ ಬರೀ ಚರ್ಮ ಬೇಸುರದ ಸದ್ದು ಮಾಡುತ್ತದೆ. ನಡುವಿನ ಕರಣೆಯ ಭಾರ ಅದರ ಕಂಪನಗಳನ್ನು ತಂತಿವಾದ್ಯದಂತೆ ಸುಸಂಗತ ಉಪಸ್ವರಗಳಾಗಿ ಜೋಡಿಸುತ್ತದೆ. ಇದನ್ನು ತೋರಿಸಿಕೊಟ್ಟವರು ಸಿ.ವಿ. ರಾಮನ್, 1920ರ 'ನೇಚರ್' ಪತ್ರಿಕೆಯಲ್ಲಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಮೇಲೂ ಅವರು ಈ ವಿಷಯವನ್ನು ಬಿಡಲಿಲ್ಲ. ಹೆಡ್‌ಫೋನ್ ಪರೀಕ್ಷೆಗೆ ಮೃದಂಗದ ಒಂದು ತನಿ ಆವರ್ತನಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಬಲಗೈಯ ಚಾಪು ಸ್ವರವಾಗಿ ಕೇಳಬೇಕು, ಬರೀ ಟಕ್ ಎನ್ನಬಾರದು. ಎಡಗೈಯ ಗುಮ್ಕಿ ಜಾರುವಾಗ ಅದರ ಬಾಲವನ್ನು ಕಿವಿ ಹಿಂಬಾಲಿಸಲು ಆಗಬೇಕು. ಯಕ್ಷಗಾನದ ಚಂಡೆ ಮತ್ತು ಚಕ್ರತಾಳ ಇನ್ನೊಂದು ತುದಿಯ ಪರೀಕ್ಷೆ. 6000ದಿಂದ 9000 ಹರ್ಟ್ಸ್ ನಡುವೆ ಏರುಬ್ಬಿರುವ ಹೆಡ್‌ಫೋನಿನಲ್ಲಿ ಭಾಗವತರ ಪ್ರತಿ 'ಸ'ಕಾರವೂ ಸೂಜಿಯಾಗುತ್ತದೆ. ಬಾಯರ್‌ಡೈನಾಮಿಕ್‌ನ ಡಿಟಿ 990 ಮಖಮಲ್ಲಿನ ಮೆತ್ತೆಯಿಂದ ಬಹಳ ಸುಖದ ಹೆಡ್‌ಫೋನ್. ಆದರೆ ಅದರ ಮೇಲಿನ ತುದಿಗೆ ಈ ಚೂಪು ಇದೆ. ತಲೆಗೆ ಹಿತ, ಕಿವಿಗೆ ತುಸು ಖಾರ. ಫೋನಿನ ಈಕ್ವಲೈಸರಿನಲ್ಲಿ ಆ ಭಾಗವನ್ನು ಮೂರ್ನಾಲ್ಕು ಡೆಸಿಬೆಲ್ ಇಳಿಸಿಕೊಂಡರೆ ಬಾಳಬಹುದು.

ಓಪನ್ ಹೆಡ್‌ಫೋನ್ ನಿಜಕ್ಕೂ ಸೋಲುವ ಸಂಗೀತವೂ ಇದೆ. ಬಾಸ್ ಗಿಟಾರಿನ ತಗ್ಗಿನ ತಂತಿ 41 ಹರ್ಟ್ಸ್, ಅದನ್ನು ಸುಮಾರಾಗಿ ನಿಭಾಯಿಸುತ್ತದೆ. ಇಂದಿನ ಸಿನಿಮಾ ಹಾಡುಗಳಲ್ಲಿ, ನೃತ್ಯಸಂಗೀತದಲ್ಲಿ 30-40 ಹರ್ಟ್ಸ್‌ನ ಬರೀ ಮೂಲಸ್ವರವೇ ಎದೆಗೆ ಗುದ್ದಬೇಕು. ಅಲ್ಲಿ ಉಪಸ್ವರಗಳ ಆಸರೆ ಇಲ್ಲ. ಅಂಥದ್ದೇ ನಿಮ್ಮ ಮುಖ್ಯ ಆಹಾರವಾದರೆ ಮುಚ್ಚಿದ ಹೆಡ್‌ಫೋನನ್ನೋ ತೂಕದ ಪ್ಲೇನಾರನ್ನೋ ನೋಡಿ. ವಾರಕ್ಕೆರಡು ಸಲ ಮಾತ್ರ ಅಂಥದ್ದು ಕೇಳುವವರಾದರೆ ಅದಕ್ಕಾಗಿ ಉಳಿದೆಲ್ಲವನ್ನೂ ಬಿಟ್ಟುಕೊಡಬೇಕಾಗಿಲ್ಲ.

ಓಪನ್ ಹೆಡ್‌ಫೋನಿನಲ್ಲಿ ಸಂಗೀತ ತಲೆಯಿಂದ ಹೊರಗೆ ಹರಡಿ ವೇದಿಕೆಯಂತೆ ಕೇಳುತ್ತದೆ ಎಂದು ಹೊಗಳುವುದುಂಟು. ಮಾತು ನಿಜ, ಆದರೆ ಅರ್ಧ. ಬಟ್ಟಲಿನ ಪ್ರತಿಧ್ವನಿ ಇಲ್ಲದಿರುವುದು, ಕೋಣೆಯ ಸಣ್ಣಪುಟ್ಟ ಸದ್ದುಗಳು ಒಳಗೆ ಬರುವುದು, ನಾವು ಮಾತಾಡಿದರೆ ನಮ್ಮ ದನಿ ನಮಗೇ ಗುಂಯ್‌ಗುಡದಿರುವುದು ಎಲ್ಲ ಸೇರಿ ಬಿಡುವಿನ ಭಾವನೆ ಹುಟ್ಟುತ್ತದೆ. ಆದರೆ ಸ್ಪೀಕರುಗಳಲ್ಲಿ ಕೇಳುವಾಗ ಎಡಗಡೆಯದರ ಸದ್ದು ಬಲಗಿವಿಗೂ ತಲುಪುತ್ತದೆ, ಸೆಕೆಂಡಿನ ಸಾವಿರನೇ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ, ತಲೆಯ ಮರೆಯಿಂದ ತುಸು ಮಂಕಾಗಿ. ಈ ತಡ ಮತ್ತು ಮಂಕನ್ನು ಲೆಕ್ಕಹಾಕಿಯೇ ಮಿದುಳು ದಿಕ್ಕನ್ನು ಅರಿಯುವುದು. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೆ ಮಾತ್ರ. ಬೀಟಲ್ಸ್ ತಂಡದ 1965ರ 'ರಬ್ಬರ್ ಸೋಲ್' ಸ್ಟೀರಿಯೋ ಆವೃತ್ತಿಯ ಹೆಚ್ಚಿನ ಹಾಡುಗಳಲ್ಲಿ ದನಿಗಳು ಒಂದೇ ಪಕ್ಕಕ್ಕಿವೆ. ಹೆಡ್‌ಫೋನಿನಲ್ಲಿ ಕೇಳಿದರೆ ಯಾರೋ ಬಲಗಿವಿಯಲ್ಲೇ ಹಾಡಿದಂತೆ. ಹಳೆಯ ಕನ್ನಡ ಚಿತ್ರಗೀತೆಗಳ ಮೋನೋ ಮುದ್ರಣವೋ ನೆಟ್ಟಗೆ ತಲೆಯ ನಡುವೆ ಬಂದು ಕೂರುತ್ತದೆ. ಒಂದು ಪಕ್ಕದ ಸದ್ದನ್ನು ಸ್ವಲ್ಪ ತಡಮಾಡಿ, ಮಂಕುಮಾಡಿ ಇನ್ನೊಂದು ಪಕ್ಕಕ್ಕೆ ಬೆರೆಸುವ ಸರ್ಕ್ಯೂಟನ್ನು ಬೆಂಜಮಿನ್ ಬಾವರ್ ಎಂಬ ಎಂಜಿನಿಯರ್ 1961ರಲ್ಲೇ ವಿವರಿಸಿದ್ದರು. ಕ್ರಾಸ್‌ಫೀಡ್ ಎಂಬ ಈ ಸೌಲಭ್ಯ ಇಂದು ಉಚಿತ ಪ್ಲೇಯರ್‌ಗಳಲ್ಲೂ ಸಿಗುತ್ತದೆ. ಹಳೆಯ ಸ್ಟೀರಿಯೋ ಪ್ರಿಯರಿಗೆ ದುಬಾರಿ ಹೆಡ್‌ಫೋನಿಗಿಂತ ಇದರಿಂದಲೇ ಹೆಚ್ಚು ಲಾಭ.

'ಇದಕ್ಕೆ ದೊಡ್ಡ ಆಂಪ್ಲಿಫೈಯರ್ ಬೇಕು' ಎಂಬ ಬೆದರಿಕೆಯನ್ನೂ ಲೆಕ್ಕದಿಂದಲೇ ಎದುರಿಸಬಹುದು. ಎಚ್‌ಡಿ 600ರ ರೋಧ 300 ಓಮ್. 1 ವೋಲ್ಟ್ ಕೊಟ್ಟರೆ ಸುಮಾರು 97 ಡೆಸಿಬೆಲ್ ಕೂಗುತ್ತದೆ. ಫೋನಿನ ಟೈಪ್-ಸಿ ತೂತಿಗೆ ಸಿಕ್ಕಿಸುವ ಚಿಕ್ಕ ಡಾಂಗಲ್ಲು 1 ವೋಲ್ಟಿನ ಆಸುಪಾಸು ಕೊಡುತ್ತದೆ. ಶಾಸ್ತ್ರೀಯ ಮುದ್ರಣದ ಸರಾಸರಿ ಮಟ್ಟ ಅದರ ಶಿಖರಕ್ಕಿಂತ 20 ಡೆಸಿಬೆಲ್ ಕೆಳಗಿದ್ದರೂ 77 ಉಳಿಯಿತು. ಮನೆಯಲ್ಲಿ ಕೇಳಲು ಅದು ಧಾರಾಳ. ಇನ್ನೊಂದು ಕಡೆ ಹೈಫೈಮ್ಯಾನ್‌ನ ಎಚ್‌ಇ-6 ಎಂಬ ಪ್ಲೇನಾರ್ ಇದೆ: 50 ಓಮ್, 1 ಮಿಲಿವಾಟ್‌ಗೆ 83.5 ಡೆಸಿಬೆಲ್. 1 ವೋಲ್ಟಿನಲ್ಲಿ ಅದೂ ಹೆಚ್ಚುಕಡಿಮೆ ಅಷ್ಟೇ ಜೋರು. ಆದರೆ ಅದಕ್ಕಾಗಿ ಎಳೆಯುವ ಕರೆಂಟು 20 ಮಿಲಿಆಂಪ್. ಎಚ್‌ಡಿ 600ಕ್ಕೆ 3.3 ಸಾಕು. ಓಮ್ ಹೆಚ್ಚಿದ್ದರೆ ನಡೆಸುವುದು ಕಷ್ಟ ಎಂಬ ಅಂಗಡಿಯ ಸೂತ್ರ ಇಲ್ಲಿ ತಲೆಕೆಳಗಾಗುತ್ತದೆ. ಫಿಲಿಪ್ಸ್‌ನ ಎಸ್‌ಎಚ್‌ಪಿ 9500 ಥರದ 32 ಓಮ್‌ನವು ಫೋನಿನ ಡಾಂಗಲ್ಲಿಗೆ ಸಲೀಸಾಗಿ ಒಗ್ಗುತ್ತವೆ.

ಗೋಡೆ ಇಲ್ಲದ್ದಕ್ಕೆ ತೆರಬೇಕಾದ ದೊಡ್ಡ ಬೆಲೆ ಮನೆಯ ಸದ್ದು. ಫ್ಯಾನು, ಮಿಕ್ಸಿ, ಕುಕ್ಕರಿನ ಸೀಟಿ, ಬೀದಿಯ ಹಾರನ್ನು ಎಲ್ಲಕ್ಕೂ ಜಾಲರಿ ಬಾಗಿಲು ತೆರೆದೇ ಇಟ್ಟಿರುತ್ತದೆ. ನಮ್ಮ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ನ ಮಿತಿ ಹಾಕಿವೆ. ಮುಖ್ಯರಸ್ತೆಯ ಪಕ್ಕದವರಿಗೆ ಅದು ಕಾಗದದ ಮೇಲಿನ ಅಂಕಿ. ಗದ್ದಲ ಏರಿದಷ್ಟೂ ಕೈ ತಾನಾಗಿ ವಾಲ್ಯೂಮಿನತ್ತ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಇಲ್ಲಿ ಸುಖವೇ ತೊಡಕು. ಚುಚ್ಚುವ ಹೆಡ್‌ಫೋನನ್ನು ಗಂಟೆಗೊಮ್ಮೆ ತೆಗೆದಿಡುತ್ತೇವೆ. ಹಿತವಾದದ್ದು ತಲೆಯ ಮೇಲಿದೆ ಎಂಬುದೇ ಮರೆಯುತ್ತದೆ, ಗಂಟೆಗಳು ಸೇರುತ್ತಾ ಹೋಗುತ್ತವೆ. ಗದ್ದಲದ ಮನೆಯಲ್ಲಿ ಹಗಲಿಡೀ ಕೇಳುವವರಿಗೆ ನಾನು ಓಪನ್ ಬೇಡ ಎಂದೇ ಹೇಳುತ್ತೇನೆ. ಸದ್ದು ಹೊರಗೂ ಹೋಗುವುದರಿಂದ, ಪಕ್ಕದಲ್ಲಿ ಮಲಗಿದವರ ನಿದ್ದೆಯೂ ಈ ಲೆಕ್ಕಕ್ಕೆ ಸೇರಬೇಕು.

ರಾತ್ರಿ ಮೆಲ್ಲಗೆ ಕೇಳಿದಾಗ ಮಂದ್ರವೇ ಮಾಯವಾದಂತೆ ಅನ್ನಿಸಿದರೆ ಹೆಡ್‌ಫೋನನ್ನು ದೂರಬೇಡಿ. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಮಂದ್ರಕ್ಕೆ ಹೆಚ್ಚು ಮಂದವಾಗುತ್ತದೆಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಈಕ್ವಲೈಸರಿನಲ್ಲಿ 100 ಹರ್ಟ್ಸ್‌ನ ಕೆಳಗೆ ತುಸು ಏರಿಸಿಕೊಳ್ಳುವುದು ಅಪರಾಧವಲ್ಲ.

ಕೊಳ್ಳುವಾಗ ಅಂಗಡಿಯ ಐದು ನಿಮಿಷವನ್ನು ನಂಬುವುದು ಕಷ್ಟ. ಅಲ್ಲಿ ಗದ್ದಲ, ಹಿಂದೆ ಕಾಯುವ ಗಿರಾಕಿ, ಹಾಡೂ ಅವರದ್ದೇ. ಅದಕ್ಕಿಂತ ಮುಖ್ಯವಾಗಿ, ಎರಡು ಹೆಡ್‌ಫೋನುಗಳಲ್ಲಿ ಯಾವುದು ಕೂದಲೆಳೆಯಷ್ಟು ಜೋರಾಗಿದೆಯೋ ಅದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಹೋಲಿಸುವ ಮುನ್ನ ಎರಡರ ಮಟ್ಟವನ್ನೂ ಸರಿಗಟ್ಟಿಸಬೇಕು. ಹಿಂದಿರುಗಿಸಲು ಅವಕಾಶ ಕೊಡುವ ಕಡೆ ಕೊಂಡು, ನಿಮ್ಮದೇ ಕುರ್ಚಿಯಲ್ಲಿ, ನಿಮ್ಮದೇ ಕನ್ನಡಕ-ಓಲೆಯೊಂದಿಗೆ, ಫ್ಯಾನು ಹಾಕಿಕೊಂಡು ಒಂದು ಇಡೀ ಕಛೇರಿಯ ಮುದ್ರಣ ಕೇಳಿ. ಒತ್ತಡದ ನೋವು ತಡವಾಗಿ ಬರುತ್ತದೆಂದು ಮೇಲಿನ ಲೆಕ್ಕವೇ ಹೇಳಿತಲ್ಲ. ಎರಡು ಗಂಟೆಯ ಕೊನೆಗೆ ಬೆರಳು ಯಾವ ಚುಕ್ಕೆಯನ್ನು ತಾನಾಗಿ ಉಜ್ಜುತ್ತದೆ ಎಂಬುದನ್ನು ಗಮನಿಸಿ.

'ನೂರು ಗಂಟೆ ನುಡಿಸಿದ ಮೇಲೆ ಹದಕ್ಕೆ ಬರುತ್ತದೆ' ಎಂದು ಮಾರುವವರು ಹೇಳಿದರೆ ನಕ್ಕು ಸುಮ್ಮನಾಗಿ. ಆ ಅವಧಿಯಲ್ಲಿ ಹದಕ್ಕೆ ಬರುವುದು ಹೆಚ್ಚಾಗಿ ನಿಮ್ಮ ಮಿದುಳು, ಸ್ವಲ್ಪಮಟ್ಟಿಗೆ ಮೆತ್ತೆ. ಮೆತ್ತೆಯ ಬದಲಾವಣೆ ಮಾತ್ರ ಹದದಲ್ಲಿ ನಿಲ್ಲುವುದಿಲ್ಲ. ಫೋಮ್ ವರ್ಷಗಟ್ಟಲೆ ಕುಸಿಯುತ್ತಾ ಕಿವಿ ಪೊರೆಗೆ ಹತ್ತಿರವಾಗುತ್ತದೆ, ಸೋರಿಕೆಯ ಲೆಕ್ಕ ಬದಲಾಗುತ್ತದೆ, ಸದ್ದಿನ ಬಣ್ಣವೂ ಬದಲಾಗುತ್ತದೆ. ತಲೆಗೆ ಎಣ್ಣೆ ಹಚ್ಚುವ ನಮ್ಮ ಮನೆಗಳಲ್ಲಿ ಇದು ಇನ್ನೂ ಬೇಗ: ಕೊಬ್ಬರಿ ಎಣ್ಣೆ ಮಖಮಲ್ಲಿಗೆ ಇಳಿದು ಗಂಟುಕಟ್ಟುತ್ತದೆ, ರೆಕ್ಸಿನ್ ಆದರೆ ಬಿರಿದು ಚೂರುಚೂರಾಗಿ ಕುತ್ತಿಗೆಗೆ ಅಂಟುತ್ತದೆ. ಎಣ್ಣೆಸ್ನಾನದ ದಿನ ಹೆಡ್‌ಫೋನಿಗೆ ರಜೆ ಕೊಡಿ. ಕೊಳ್ಳುವ ದಿನವೇ ಆ ಮಾಡೆಲಿನ ಮೆತ್ತೆ ಮತ್ತು ವೈರು ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ. ಎಚ್‌ಡಿ 600ರ ಮೆತ್ತೆ, ವೈರುಗಳನ್ನು ಕೈಯಿಂದಲೇ ಕಳಚಿ ಹೊಸದು ಹಾಕಬಹುದು. ಅಂಟು ಹಾಕಿ ಕೂರಿಸಿದ ಮೆತ್ತೆಯ ಹೆಡ್‌ಫೋನ್ ಎಷ್ಟೇ ಸೊಗಸಾಗಿ ನುಡಿದರೂ ಆ ಮೆತ್ತೆಯ ಆಯಸ್ಸಿನಷ್ಟೇ ಬಾಳುತ್ತದೆ.